ಮಳೆಕಾಡಿನ ಮೇಲೆ ಉಪಗ್ರಹ ರಾಡಾರ್: ಅಳತೆಗಳ ಹೋಲಿಕೆ

ಬೇರೆ ಬೇರೆ ಉಪಗ್ರಹಗಳ ರಾಡಾರುಗಳು ಬೇರೆ ಬೇರೆ ಕಾಲದಲ್ಲಿ ಒಂದೇ ಕಾಡಿನ ಮೇಲೆ ಹಾಯ್ದು ತಂದ ಅಂಕಿಗಳನ್ನು ತಾಳೆ ನೋಡುವ ವಿಧಾನ. ಇದಕ್ಕೆ ಎರಡು ಉದ್ದೇಶಗಳಿವೆ. ಕಾಡನ್ನು ಆಧಾರವಾಗಿಟ್ಟು ರಾಡಾರನ್ನು ಪರೀಕ್ಷಿಸುವುದು ಒಂದು. ರಾಡಾರು ಸರಿಯಿದೆಯೆಂದು ಖಾತ್ರಿಯಾದ ಮೇಲೆ ಕಾಡಿನಲ್ಲಿ ಏನು ಬದಲಾಗಿದೆಯೆಂದು ಅಳೆಯುವುದು ಇನ್ನೊಂದು. ಮೊದಲನೆಯದಕ್ಕೆ ದಕ್ಷಿಣ ಅಮೆರಿಕದ ಅಮೆಜಾನ್ ಕಾಡು ಬಹುಕಾಲದಿಂದ ಒದಗಿಬಂದಿದೆ. ಭಾರತದ ರಾಡಾರುಗಳೂ ಅಲ್ಲಿಯೇ ಪರೀಕ್ಷೆಗೆ ಒಳಗಾಗುತ್ತವೆ. ನಮ್ಮ ಪಶ್ಚಿಮಘಟ್ಟದ ಕಾಡು ಆ ಕೆಲಸಕ್ಕೆ ಬಾರದು. ಕಾರಣವೇನೆಂದು ತಿಳಿಯಲು ಧಾರವಾಡ ಜಿಲ್ಲೆಯ ಪಶ್ಚಿಮದಂಚಿನ ಅಳ್ನಾವರಕ್ಕಿಂತ ಒಳ್ಳೆಯ ಜಾಗ ಸಿಕ್ಕುವುದು ಕಷ್ಟ. ಪಶ್ಚಿಮಕ್ಕೆ ಲೋಂಡಾ, ಕ್ಯಾಸಲ್‌ರಾಕ್‌ಗಳ ದಟ್ಟ ಕಾಡು, ಪೂರ್ವಕ್ಕೆ ಧಾರವಾಡ ದಾಟಿದರೆ ಬೆಳವಲದ ಎರೆಹೊಲ, ನಡುವೆ ಮಲೆನಾಡಿನ ಸೆರಗಿನಲ್ಲಿ ಈ ಊರು.

ಮಳೆಕಾಡೇ ಏಕೆ

ರಾಡಾರು ತಾನೇ ಸೂಕ್ಷ್ಮತರಂಗ ಕಳಿಸಿ, ಅದು ನೆಲಕ್ಕೆ ತಾಗಿ ಮರಳಿದ ಪಾಲನ್ನು ತಾನೇ ಹಿಡಿಯುತ್ತದೆ. ಅದಕ್ಕೆ ಬಿಸಿಲು ಬೇಡ, ಮೋಡ ಅಡ್ಡಿಯಲ್ಲ. ಮರಳಿದ ಪಾಲನ್ನು ನೆಲದ ವಿಸ್ತೀರ್ಣದಿಂದ ಭಾಗಿಸಿ ಬರುವ ಸಂಖ್ಯೆಗೆ ಸಿಗ್ಮಾ-ಶೂನ್ಯ ಎಂದು ಹೆಸರು. ಅದನ್ನು ಡೆಸಿಬೆಲ್‌ಗಳಲ್ಲಿ ಬರೆಯುವುದು ರೂಢಿ. 3 ಡೆಸಿಬೆಲ್ ಏರಿದರೆ ಮರಳಿದ ಶಕ್ತಿ ಎರಡು ಪಟ್ಟಾಯಿತು ಎಂದರ್ಥ. 1 ಡೆಸಿಬೆಲ್ ಏರಿದರೆ ಸುಮಾರು ಕಾಲುಭಾಗ ಹೆಚ್ಚಿತು. 0.1 ಡೆಸಿಬೆಲ್ ಅಂದರೆ ಶೇ 2ಕ್ಕಿಂತ ತುಸು ಹೆಚ್ಚು. ಇಷ್ಟು ಚಿಕ್ಕ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳುವುದು ಏಕೆಂದರೆ, ಸಮುದ್ರದ ಮೇಲಿನ ಗಾಳಿಯನ್ನು ಅಳೆಯುವ ಸ್ಕ್ಯಾಟರೋಮೀಟರ್ ಎಂಬ ರಾಡಾರಿನಲ್ಲಿ 0.1 ಡೆಸಿಬೆಲ್‌ನ ತಪ್ಪು ಗಾಳಿಯ ವೇಗದಲ್ಲಿ ಸೆಕೆಂಡಿಗೆ ಸುಮಾರು 0.1 ಮೀಟರ್‌ನ ತಪ್ಪಾಗಿ ಕೂರುತ್ತದೆ. ಹತ್ತಾರು ವರ್ಷಗಳ ದಾಖಲೆಯಲ್ಲಿ ಗಾಳಿ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಕೇಳುವವರಿಗೆ ಇದು ಸಣ್ಣ ಮೊತ್ತವಲ್ಲ.

ಸಂತೆಯಲ್ಲಿ ತಕ್ಕಡಿಯ ಮೇಲೆ ಅನುಮಾನ ಬಂದರೆ ನಂಬಿಕೆಯ ತೂಕದ ಕಲ್ಲೊಂದನ್ನು ಇಟ್ಟು ನೋಡುತ್ತಾರಲ್ಲ, ರಾಡಾರಿಗೆ ಅಂಥ ಕಲ್ಲು ಬೇಕು. ಸಮುದ್ರ ಆಗದು, ಅದು ಗಾಳಿಗೆ ಅಲುಗುತ್ತದೆ. ಮರುಭೂಮಿಯಲ್ಲಿ ಮರಳಿನ ದಿಬ್ಬಗಳ ದಿಕ್ಕಿನ ಮೇಲೆ ಅಂಕಿ ಬದಲಾಗುತ್ತದೆ. ದಟ್ಟ ಮಳೆಕಾಡಿನಲ್ಲಿ ಎಲೆ, ಟೊಂಗೆ, ಬಳ್ಳಿಗಳು ಎಲ್ಲ ದಿಕ್ಕಿಗೂ ಹರಡಿಕೊಂಡಿರುವುದರಿಂದ ಯಾವ ಕಡೆಯಿಂದ ನೋಡಿದರೂ ಮರಳುವ ಅಲೆ ಬಹುತೇಕ ಒಂದೇ. ಅಲೆ ನೆಲಕ್ಕೆ ಬೀಳುವ ಕೋನ, ಅಂದರೆ ಪತನಕೋನ, ಬದಲಾದರೆ ಸಿಗ್ಮಾ-ಶೂನ್ಯ ಬದಲಾಗುತ್ತದೆ ನಿಜ. ಆದರೆ ಅದನ್ನು ಪತನಕೋನದ ಕೊಸೈನ್‌ನಿಂದ ಭಾಗಿಸಿ ಪಡೆದ ಗಾಮಾ-ಶೂನ್ಯ ಹೆಚ್ಚುಕಡಿಮೆ ಸ್ಥಿರ. 5.6 ಸೆಂ.ಮೀ. ತರಂಗಾಂತರದ ಸಿ-ಬ್ಯಾಂಡಿನಲ್ಲಿ ಅಮೆಜಾನಿನ ಗಾಮಾ-ಶೂನ್ಯ ಮೈನಸ್ 6.5 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಕೆನಡಾದ ರೇಡಾರ್‌ಸ್ಯಾಟ್-1 (1995) ತನ್ನ ಆ್ಯಂಟೆನಾದ ಕಿರಣದ ಆಕಾರವನ್ನು ಈ ಕಾಡಿನ ಮೇಲೆಯೇ ಅಳೆದುಕೊಂಡಿತು. ನೂರಾರು ಕಿ.ಮೀ. ಹಬ್ಬಿದ ಏಕರೂಪದ ಹಸಿರು, ವರ್ಷವಿಡೀ ಎಲೆ, ಸಪಾಟಾದ ನೆಲ. ಈ ಮೂರು ಗುಣಗಳನ್ನು ಓದುಗರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಘಟ್ಟದ ಮಾತು ಬಂದಾಗ ಒಂದೊಂದೂ ಕೈಕೊಡುತ್ತದೆ.

ಸೀಸ್ಯಾಟ್‌ನಿಂದ ಸ್ಕ್ಯಾಟ್‌ಸ್ಯಾಟ್‌ವರೆಗೆ

1978ರ ಜೂನ್‌ನಲ್ಲಿ ಹಾರಿದ ಅಮೆರಿಕದ ಸೀಸ್ಯಾಟ್ ಸುಮಾರು ನೂರು ದಿನ ಬಾಳಿತು. ಅದು ಸಮುದ್ರಕ್ಕೆಂದೇ ಮಾಡಿದ ಉಪಗ್ರಹ. ನೆಲದ ಮೇಲಿನ ಅಂಕಿಗಳು ಬೇಡದೆ ಬಂದ ಫಸಲು. ಅಮೆಜಾನಿನ ಸ್ಥಿರತೆ ಮೊದಲು ಗೊತ್ತಾದದ್ದು ಆ ಅಂಕಿಗಳಿಂದ. ಯುರೋಪಿನ ಇಆರ್‌ಎಸ್-1 (1991) ಮತ್ತು ಇಆರ್‌ಎಸ್-2 (1995) ಸಿ-ಬ್ಯಾಂಡಿನಲ್ಲಿ ಗಾಳಿ ಅಳೆದವು. ಮಳೆಕಾಡನ್ನು ಬಳಸಿ ಸ್ಕ್ಯಾಟರೋಮೀಟರುಗಳನ್ನು ಒಂದಕ್ಕೊಂದು ಹೊಂದಿಸುವ ಕ್ರಮವನ್ನು ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಡೇವಿಡ್ ಲಾಂಗ್ ಮತ್ತು ಸಂಗಡಿಗರು 1996ರಲ್ಲಿ ವಿವರವಾಗಿ ಪ್ರಕಟಿಸಿದರು. 1999ರಲ್ಲಿ ಸುಮಾರು 2.2 ಸೆಂ.ಮೀ. ತರಂಗಾಂತರದ, ಅಂದರೆ ಕೆಯು-ಬ್ಯಾಂಡಿನ, ಕ್ವಿಕ್‌ಸ್ಕ್ಯಾಟ್ ಬಂತು. 2009ರ ಸೆಪ್ಟೆಂಬರ್ 23ರಂದು ಪಿಎಸ್‌ಎಲ್‌ವಿ-ಸಿ14 ಓಷನ್‌ಸ್ಯಾಟ್-2 ಅನ್ನು ಕಕ್ಷೆಗೆ ಏರಿಸಿತು. ಅದರ ಸ್ಕ್ಯಾಟರೋಮೀಟರ್ ಓಸ್ಕ್ಯಾಟ್ ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರದ ಕೆಲಸ.

ಎರಡು ತಿಂಗಳು ಕಳೆಯುವುದರೊಳಗೆ, ಅದೇ ನವೆಂಬರಿನಲ್ಲಿ, ಕ್ವಿಕ್‌ಸ್ಕ್ಯಾಟ್‌ನ ತಿರುಗುವ ಆ್ಯಂಟೆನಾ ನಿಂತುಹೋಯಿತು. ಹತ್ತು ವರ್ಷದ ಗಾಳಿಯ ದಾಖಲೆ ಕಡಿದುಹೋಗದಂತೆ ಮುಂದುವರಿಸುವ ಹೊಣೆ ಓಸ್ಕ್ಯಾಟ್ ಮೇಲೆ ಬಿತ್ತು. ಎರಡೂ ಕೆಯು-ಬ್ಯಾಂಡಿನವು, ಎರಡೂ ಒಂದೇ ಕಾಡನ್ನು ನೋಡುತ್ತಿದ್ದವು. ಹಾಗಿದ್ದೂ ನೇರ ತಾಳೆ ಸಾಧ್ಯವಿರಲಿಲ್ಲ. ಕ್ವಿಕ್‌ಸ್ಕ್ಯಾಟ್ ಹಾಯುತ್ತಿದ್ದದ್ದು ಸ್ಥಳೀಯ ಸಮಯ ಬೆಳಿಗ್ಗೆ ಮತ್ತು ಸಂಜೆ ಆರರ ಹೊತ್ತಿಗೆ, ಓಷನ್‌ಸ್ಯಾಟ್-2 ನಡುಹಗಲು ಮತ್ತು ನಡುರಾತ್ರಿಗೆ. ಬೆಳಗಿನ ಆರಕ್ಕೆ ಮಳೆಕಾಡಿನ ಎಲೆಯ ಮೇಲೆ ಇಬ್ಬನಿ ಕೂತಿರುತ್ತದೆ, ರಾತ್ರಿಯಿಡೀ ನೀರು ಹೀರಿದ ಟೊಂಗೆಗಳು ತುಂಬಿಕೊಂಡಿರುತ್ತವೆ. ನೀರು ಹೆಚ್ಚಿದ್ದಷ್ಟೂ ಅಲೆ ಜೋರಾಗಿ ಮರಳುತ್ತದೆ. ಬಿಸಿಲೇರಿದ ಮೇಲೆ ಇಳಿಯುತ್ತದೆ. ಕಾಡಿನ ಈ ದಿನಚರಿಯ ಏರಿಳಿತ 0.1 ಡೆಸಿಬೆಲ್‌ಗಿಂತ ಎಷ್ಟೋ ದೊಡ್ಡದು. ಪರೀಕ್ಷೆ ಮಾಡುವವರು ಕಾಡನ್ನಲ್ಲ, ಗಡಿಯಾರವನ್ನು ಮೊದಲು ನೋಡಬೇಕೆಂಬುದು ಹೀಗೆ ಖಚಿತವಾಯಿತು.

ಪರಿಹಾರ ಎರಡು ಕಡೆಯಿಂದ ಬಂತು. ಆ್ಯಂಟೆನಾ ನಿಂತರೂ ಕ್ವಿಕ್‌ಸ್ಕ್ಯಾಟ್‌ನ ಅಳತೆ ಕೆಟ್ಟಿರಲಿಲ್ಲ. ಒಂದು ಕಿರಿದಾದ ಪಟ್ಟಿಯನ್ನಷ್ಟೇ ಅದು ನೋಡುತ್ತಿತ್ತು. ಸಮುದ್ರದ ಗಾಳಿಯ ನಕ್ಷೆಗೆ ಸಾಲದಾದ ಆ ಪಟ್ಟಿ ಬೇರೆ ರಾಡಾರುಗಳಿಗೆ ಆಧಾರವಾಗಿ 2018ರವರೆಗೂ ನಡೆಯಿತು. ಎರಡನೆಯದಾಗಿ, 2014ರಿಂದ 2016ರವರೆಗೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕಟ್ಟಿದ್ದ ರ್‍ಯಾಪಿಡ್‌ಸ್ಕ್ಯಾಟ್, ನಿಲ್ದಾಣದ ಕಕ್ಷೆಯ ಗುಣದಿಂದಾಗಿ, ಇಂದು ಒಂದು ಹೊತ್ತಿಗೆ ಕಂಡ ಕಾಡನ್ನು ಕೆಲವು ವಾರಗಳ ನಂತರ ಇನ್ನೊಂದು ಹೊತ್ತಿಗೆ ಕಾಣುತ್ತಿತ್ತು. ದಿನದ ಯಾವ ಗಂಟೆಯಲ್ಲಿ ಕಾಡಿನ ಅಂಕಿ ಎಷ್ಟು ಎಂಬ ಪಟ್ಟಿ ಅದರಿಂದ ಸಿಕ್ಕಿತು. ಓಸ್ಕ್ಯಾಟ್ 2014ರ ಫೆಬ್ರುವರಿಯಲ್ಲಿ ನಿಂತಿತು. ಸ್ಕ್ಯಾಟ್‌ಸ್ಯಾಟ್-1 2016ರ ಸೆಪ್ಟೆಂಬರ್ 26ರಂದು, ಓಷನ್‌ಸ್ಯಾಟ್ ಸರಣಿಯ ಮುಂದಿನದಾದ ಇಒಎಸ್-06 2022ರ ನವೆಂಬರ್ 26ರಂದು ಹಾರಿದವು. ಅರಬ್ಬೀ ಸಮುದ್ರದ ಮೇಲೆ ನೈರುತ್ಯ ಗಾಳಿ ಎಷ್ಟು ಬಲಿತಿದೆಯೆಂದು ಹೇಳುವ ಅಂಕಿಗಳು ಇಂಥ ಉಪಕರಣಗಳಿಂದ ಬರುತ್ತವೆ. ಅಳ್ನಾವರದ ಗದ್ದೆಗೆ ಮೃಗಶಿರ ಮಳೆ ತರುವ ಗಾಳಿಯ ಲೆಕ್ಕ ಅಮೆಜಾನಿನ ಕಾಡಿನ ಮೇಲೆ ಪರೀಕ್ಷೆ ಪಾಸಾಗಿ ಬಂದದ್ದು.

ಆಧಾರವೇ ಅಲುಗಿದಾಗ

2005ರಲ್ಲಿ ಪಶ್ಚಿಮ ಅಮೆಜಾನಿನಲ್ಲಿ ತೀವ್ರ ಬರ ಬಿತ್ತು. ಅಮೆರಿಕದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ಸಸಾನ್ ಸಾಚಿ ಮತ್ತು ಸಹೋದ್ಯೋಗಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸುಮಾರು 7 ಕೋಟಿ ಹೆಕ್ಟೇರ್ ಕಾಡು ಅದಕ್ಕೆ ಸಿಕ್ಕಿತು. ಮುಂದಿನ ವರ್ಷಗಳಲ್ಲಿ ಮಳೆ ಚೆನ್ನಾಗಿಯೇ ಆದರೂ ಕ್ವಿಕ್‌ಸ್ಕ್ಯಾಟ್ ಅಂಕಿ ಹಳೆಯ ಮಟ್ಟಕ್ಕೆ ಬೇಗ ಏರಲಿಲ್ಲ. ದೊಡ್ಡ ಮರಗಳು ಸತ್ತು, ನೆತ್ತಿಯ ಟೊಂಗೆಗಳು ಒಣಗಿದ್ದರಿಂದ ಹೀಗಾಯಿತೆಂದು ಅವರು ವಿವರಿಸಿದರು. ಇದು ಪರಿಸರದ ಸುದ್ದಿಯಾಗಿ ಎಲ್ಲೆಡೆ ಓಡಾಡಿತು. ರಾಡಾರಿನವರಿಗೆ ಅದರಲ್ಲಿ ಇನ್ನೊಂದು ತಲೆನೋವಿತ್ತು. ಅಂಕಿ ಇಳಿದಾಗ ಕಾಡು ಸೊರಗಿತೋ ಯಂತ್ರ ಸೊರಗಿತೋ? ಒಂದೇ ಉಪಗ್ರಹ ಇದ್ದರೆ ಉತ್ತರವಿಲ್ಲ. ಬರ ಮುಟ್ಟದ ಭಾಗ ಸ್ಥಿರವಾಗಿ ನಿಂತು, ಬರ ತಾಗಿದ ಭಾಗ ಮಾತ್ರ ಇಳಿದರೆ ಯಂತ್ರದ ಮೇಲೆ ದೂರಿಲ್ಲ. ಕಾಡನ್ನು ಆಧಾರವಾಗಿ ಬಳಸುವವರು ಇಡೀ ಅಮೆಜಾನನ್ನು ತೆಗೆದುಕೊಳ್ಳದೆ, ಬದಲಾವಣೆ ಕಡಿಮೆಯಿರುವ ತುಂಡುಗಳನ್ನು ಆರಿಸಿ ಗುರುತಿಟ್ಟುಕೊಳ್ಳುವುದು ಇದಕ್ಕೆ.

ರೈಲುದಾರಿಯ ಸಾಲು

ಕ್ಯಾಸಲ್‌ರಾಕ್, ಲೋಂಡಾ, ಅಳ್ನಾವರ, ಧಾರವಾಡ, ಹುಬ್ಬಳ್ಳಿ, ಅಣ್ಣಿಗೇರಿ. ಒಂದೇ ರೈಲುದಾರಿಯ ಈ ನಿಲ್ದಾಣಗಳೆಲ್ಲ ಉತ್ತರ ಅಕ್ಷಾಂಶ 15.4 ಡಿಗ್ರಿಯ ಆಸುಪಾಸಿನಲ್ಲಿ ಸಾಲಾಗಿ ಬರುತ್ತವೆ. ಕಾಗೆ ಹಾರುವ ದಾರಿಯಲ್ಲಿ ಮೊದಲಿನಿಂದ ಕೊನೆಗೆ 120 ಕಿ.ಮೀ. ಒಳಗೆ. ಇಷ್ಟರಲ್ಲೇ ನಿತ್ಯಹರಿದ್ವರ್ಣದ ಕಾಡು ಮುಗಿದು, ಎಲೆಯುದುರುವ ಕಾಡು ಬಂದು, ಗದ್ದೆ ಬಂದು, ಕಡಲೆ ಬೆಳೆಯುವ ಕಪ್ಪು ನೆಲ ಬರುತ್ತದೆ. ಸುಮಾರು 250 ಕಿ.ಮೀ. ಅಗಲದ ಪಟ್ಟಿ ನೋಡುವ, ಯುರೋಪಿನ ಸಿ-ಬ್ಯಾಂಡ್ ರಾಡಾರ್ ಸೆಂಟಿನೆಲ್-1ರಂಥ ಉಪಗ್ರಹಕ್ಕೆ ಇದೆಲ್ಲ ಒಂದೇ ಚಿತ್ರದಲ್ಲಿ ಸಿಗುವಷ್ಟು ಚಿಕ್ಕದು.

ಸ್ಕ್ಯಾಟರೋಮೀಟರಿನ ಕಣ್ಣಿಗೆ ಇದು ಇನ್ನೂ ಚಿಕ್ಕದು. ಅದರ ಒಂದು ಚೌಕವೇ 25ರಿಂದ 50 ಕಿ.ಮೀ. ಕ್ಯಾಸಲ್‌ರಾಕ್‌ನಿಂದ ಅಳ್ನಾವರಕ್ಕೆ ನೇರ ದಾರಿ 45 ಕಿ.ಮೀ.ಗೂ ಕಡಿಮೆ. ಘಟ್ಟದ ನಿತ್ಯಹರಿದ್ವರ್ಣ, ಲೋಂಡಾದ ಮಿಶ್ರ ಕಾಡು, ಅಳ್ನಾವರದ ತೇಗ, ಮತ್ತಿ, ಬಿದಿರು, ನಡುವಿನ ಗದ್ದೆ ಎಲ್ಲವೂ ಒಂದೆರಡು ಚೌಕದೊಳಗೆ ಕಲಸಿಹೋಗುತ್ತವೆ. ಅಮೆಜಾನಿನ ಮೊದಲ ಗುಣ, ಅಂದರೆ ವಿಸ್ತಾರದ ಏಕರೂಪ, ಇಲ್ಲಿಗೆ ಹೋಯಿತು.

ಎರಡನೆಯದು ಎಲೆ. ಅಳ್ನಾವರ ಸುತ್ತಿನ ತೇಗ ಬೇಸಿಗೆಯಲ್ಲಿ ಬೋಳಾಗುತ್ತದೆ. ಸಿ-ಬ್ಯಾಂಡಿನ ಅಲೆ ಎಲೆಯಷ್ಟೇ ಗಾತ್ರದ್ದನ್ನು ಚೆನ್ನಾಗಿ ಕಾಣುವುದರಿಂದ, ಎಲೆ ಉದುರಿದಾಗ ಅಡ್ಡ ಧ್ರುವೀಕರಣದ, ಅಂದರೆ ಕಳಿಸಿದ ಅಲೆಗೆ ಅಡ್ಡಲಾಗಿ ಕಂಪಿಸುತ್ತ ಮರಳುವ ಪಾಲಿನ, ಅಂಕಿ ಇಳಿಯುತ್ತದೆ. ಅಲೆ ಒಳಗೆ ಇಳಿದು ಟೊಂಗೆ, ಕಾಂಡ, ನೆಲವನ್ನು ಮುಟ್ಟುತ್ತದೆ. ಮೇ ತಿಂಗಳ ಅಡ್ಡಮಳೆಗೆ ನೆಲ ನೆನೆದರೆ ಮರದಲ್ಲಿ ಎಲೆ ತುಂಬುವ ಮೊದಲೇ ಅಂಕಿ ಮೇಲೇಳಬಹುದು. ಮಳೆಗಾಲದಲ್ಲಿ ಎಲೆಯೂ ನೀರೂ ಸೇರಿ ಮತ್ತೆ ಬೇರೆಯೇ ಸ್ಥಿತಿ. ಮಾರ್ಚಿನಲ್ಲಿ ಒಂದು ಉಪಗ್ರಹ ತೆಗೆದ ಚಿತ್ರಕ್ಕೂ ಆಗಸ್ಟಿನಲ್ಲಿ ಇನ್ನೊಂದು ತೆಗೆದದ್ದಕ್ಕೂ ತಾಳೆ ಹಾಕಿ ಕಾಡು ಬೆಳೆಯಿತೆಂದು ಹೇಳಿದರೆ ಆ ಮಾತಿಗೆ ಬೆಲೆಯಿಲ್ಲ. ಅದೇ ತಿಂಗಳು, ಸಾಧ್ಯವಾದರೆ ಅದೇ ಹೊತ್ತು ಆಗಬೇಕು. ಸೆಂಟಿನೆಲ್-1 ಬೆಳಿಗ್ಗೆ ಮತ್ತು ಸಂಜೆ ಆರರ ಸುಮಾರಿಗೆ ಹಾಯುತ್ತದೆ, ಜಪಾನಿನ ಆಲೋಸ್-2 ನಡುಹಗಲು ಮತ್ತು ನಡುರಾತ್ರಿಗೆ. ಡಿಸೆಂಬರಿನ ಮುಂಜಾವಿನಲ್ಲಿ ಅಳ್ನಾವರದ ತೇಗದ ಅಗಲ ಎಲೆ ಇಬ್ಬನಿಯಿಂದ ತೊಪ್ಪೆಯಾಗಿರುತ್ತದೆ. ಅದೇ ಎಲೆ ಹನ್ನೆರಡು ಗಂಟೆಗೆ ಕೈಯಲ್ಲಿ ಮುದುರಿದರೆ ಸದ್ದು ಮಾಡುತ್ತದೆ.

ಪೂರ್ವಕ್ಕೆ ಹೋದಂತೆ ಕಾಡಿನ ಲೆಕ್ಕ ಬಿಟ್ಟು ಮಣ್ಣಿನ ಲೆಕ್ಕ ಶುರುವಾಗುತ್ತದೆ. ಅಣ್ಣಿಗೇರಿ, ನವಲಗುಂದದ ಎರೆಹೊಲ ಒಣಗಿದಾಗ ರಾಡಾರಿಗೆ ಮಂಕು, ಒಂದು ಹದಮಳೆ ಬಿದ್ದರೆ ಹಲವು ಡೆಸಿಬೆಲ್ ಏರಿಕೆ. ಕುಂಟೆ ಹೊಡೆದ ಸಾಲು ರಾಡಾರಿಗೆ ಅಡ್ಡವಾಗಿದ್ದರೆ ಒಂದು ಅಂಕಿ, ನೇರವಾಗಿದ್ದರೆ ಇನ್ನೊಂದು. ಕಾಡಿನವರಿಗೆ ಕಿರಿಕಿರಿ ಎನಿಸುವ ಈ ಏರಿಳಿತವೇ ಮಣ್ಣಿನ ತೇವ ಅಳೆಯುವವರಿಗೆ ಬೇಕಾದದ್ದು.

ಮೂರನೆಯದು ನೆಲದ ಸಪಾಟು. ಚಿತ್ರ ತೆಗೆಯುವ ರಾಡಾರು ನೇರ ಕೆಳಗೆ ನೋಡುವುದಿಲ್ಲ, ಓರೆಯಾಗಿ ನೋಡುತ್ತದೆ. ತನ್ನ ಕಡೆ ಮುಖಮಾಡಿದ ಇಳಿಜಾರು ಕುಗ್ಗಿ ಹೊಳೆಯುತ್ತದೆ, ಬೆನ್ನು ಹಾಕಿದ ಇಳಿಜಾರು ಮಂಕಾಗುತ್ತದೆ ಅಥವಾ ನೆರಳಿನಲ್ಲಿ ಮಾಯವಾಗುತ್ತದೆ. ಕ್ಯಾಸಲ್‌ರಾಕ್ ದಾಟಿ ಗೋವೆಯ ಕಡೆ ಇಳಿಯುವ ಘಟ್ಟದಲ್ಲಿ ಒಂದೇ ಬಗೆಯ ಕಾಡು ಎರಡು ಮಗ್ಗುಲಿಗೆ ಎರಡು ಅಂಕಿ ಕೊಡುತ್ತದೆ. ಇದರಲ್ಲಿ ಇನ್ನೊಂದು ತೊಡಕೂ ಇದೆ. ಸೆಂಟಿನೆಲ್-1 ತನ್ನ ಬಲಕ್ಕೆ ನೋಡುತ್ತದೆ, ಭಾರತ-ಅಮೆರಿಕಗಳ ನಿಸಾರ್ ಎಡಕ್ಕೆ ಮಾತ್ರ. ಎರಡೂ ಉತ್ತರದಿಂದ ದಕ್ಷಿಣಕ್ಕೆ ಹಾಯುವಾಗ ನಿಸಾರ್ ಪೂರ್ವದತ್ತ ನೋಡುತ್ತಿರುತ್ತದೆ, ಸೆಂಟಿನೆಲ್ ಪಶ್ಚಿಮದತ್ತ. ಸಮುದ್ರಕ್ಕೆ ಮುಖಮಾಡಿದ ಘಟ್ಟದ ಇಳಿಜಾರು ಒಂದಕ್ಕೆ ಎದುರು, ಇನ್ನೊಂದಕ್ಕೆ ಬೆನ್ನು. ಎತ್ತರದ ನಕ್ಷೆ ಇಟ್ಟು ತಿದ್ದದೆ ಇವೆರಡನ್ನೂ ಪಕ್ಕಪಕ್ಕ ಇಡುವುದು ವ್ಯರ್ಥ. ತಿದ್ದಿದ ಮೇಲೂ ನೆರಳಿನೊಳಗೆ ಬಿದ್ದ ಜಾಗ ನೆರಳೇ.

ತರಂಗಾಂತರ ಮತ್ತು ಮರದ ತೂಕ

ಯಾವ ತರಂಗಾಂತರ ಎಷ್ಟು ಆಳಕ್ಕೆ ಹೋಗುತ್ತದೆ ಎಂಬುದರ ಮೇಲೆ ರಾಡಾರಿನ ಉಪಯೋಗ ನಿಂತಿದೆ. ಎರಡು, ಮೂರು ಸೆಂ.ಮೀ.ನ ಅಲೆ ನೆತ್ತಿಯ ಎಲೆಗಳಲ್ಲೇ ಮುಗಿಯುತ್ತದೆ. ಸಿ-ಬ್ಯಾಂಡ್ ಎಲೆ ಮತ್ತು ಕಿರುಟೊಂಗೆಗಳವರೆಗೆ. 24 ಸೆಂ.ಮೀ.ನ ಎಲ್-ಬ್ಯಾಂಡ್ ದೊಡ್ಡ ಟೊಂಗೆ, ಕಾಂಡಗಳನ್ನು ಮುಟ್ಟುತ್ತದೆ. ಸುಮಾರು 70 ಸೆಂ.ಮೀ.ನ ಪಿ-ಬ್ಯಾಂಡ್ ಕಾಂಡ ಮತ್ತು ನೆಲದವರೆಗೆ ಹೋಗುತ್ತದೆ. ಹೆಕ್ಟೇರಿಗೆ ಎಷ್ಟು ಟನ್ ಮರವಿದೆ ಎಂಬ ಒಣತೂಕಕ್ಕೆ ಜೀವರಾಶಿ ಎನ್ನುತ್ತಾರೆ. ಕಾಡು ದಟ್ಟವಾದಂತೆ ಅಂಕಿ ಏರುತ್ತ ಹೋಗಿ ಒಂದು ಹಂತದಲ್ಲಿ ನಿಂತುಬಿಡುತ್ತದೆ. ಅದರ ಆಚೆ ಕಾಡು ಎರಡರಷ್ಟಿದ್ದರೂ ರಾಡಾರಿಗೆ ತಿಳಿಯದು. ಎಲ್-ಬ್ಯಾಂಡಿಗೆ ಈ ಮಿತಿ ಸಾಮಾನ್ಯವಾಗಿ ಹೆಕ್ಟೇರಿಗೆ 100ರಿಂದ 150 ಟನ್. ಸಿ-ಬ್ಯಾಂಡಿಗೆ ಅದಕ್ಕಿಂತ ಬಹಳ ಕೆಳಗೆ. ಘಟ್ಟದ ಹಳೆಯ ನಿತ್ಯಹರಿದ್ವರ್ಣ ಕಾಡಿನಲ್ಲಿ 300 ಟನ್ ದಾಟುವುದು ಮಾಮೂಲು.

ನಿಸಾರ್‌ಗೆ ಹಾಕಿಕೊಂಡ ಗುರಿಯೂ ಇದನ್ನು ಒಪ್ಪಿಯೇ ಬರೆದದ್ದು: 100 ಟನ್‌ವರೆಗಿನ ಕಾಡನ್ನು 20 ಟನ್‌ನ ತಪ್ಪಿನೊಳಗೆ ಅಳೆಯುವುದು. ಅಂದಮೇಲೆ ಅಳ್ನಾವರ, ಕಲಘಟಗಿ ಕಡೆಯ ಕುರುಚಲು, ಕಡಿದು ಚಿಗುರಿದ ಕಾಡು, ಕಾಡಂಚಿನ ನೆಡುತೋಪು ಇವುಗಳ ಮಟ್ಟಿಗೆ ಅದರ ಅಂಕಿಯನ್ನು ಗಂಭೀರವಾಗಿ ತೆಗೆದುಕೊಳ್ಳಬಹುದು. ಕ್ಯಾಸಲ್‌ರಾಕ್ ಸುತ್ತಿನ ದಟ್ಟ ಕಾಡಿಗೆ ಯಾರಾದರೂ ಎಲ್-ಬ್ಯಾಂಡಿನಿಂದಲೇ ಬಣ್ಣಬಣ್ಣದ ಜೀವರಾಶಿ ನಕ್ಷೆ ತೋರಿಸಿದರೆ, ಆ ಬಣ್ಣಗಳು ಎಲ್ಲಿಂದ ಬಂದವೆಂದು ಕೇಳುವುದು ಒಳ್ಳೆಯದು. ಬಹುಪಾಲು ಉತ್ತರ ರಾಡಾರಿನಲ್ಲಿ ಇರುವುದಿಲ್ಲ; ಅದರ ಜೊತೆ ಸೇರಿಸಿದ ಬೇರೆ ದತ್ತಾಂಶದಲ್ಲೋ ಸೂತ್ರದಲ್ಲೋ ಇರುತ್ತದೆ.

ಎಲ್-ಬ್ಯಾಂಡಿನ ಹಳೆಯ ದಾಖಲೆಗೆ ಜಪಾನಿನ ಋಣ ದೊಡ್ಡದು. 1992ರ ಜೆಇಆರ್‌ಎಸ್-1 ಇಡೀ ಜಗತ್ತಿನ ಮಳೆಕಾಡಿನ ನಕ್ಷೆ ತೆಗೆಯುವ ಯೋಜನೆಗೆ ಬಳಕೆಯಾಯಿತು. ನೀರು ನಿಂತ ಕಾಡಿನಲ್ಲಿ ಅಲೆ ನೀರಿಗೂ ಕಾಂಡಕ್ಕೂ ತಾಗಿ ಎರಡು ಸಲ ಪುಟಿದು ಹೊಳೆಯುವುದನ್ನು ಅದು ಅಮೆಜಾನಿನಲ್ಲಿ ವಿಸ್ತಾರವಾಗಿ ತೋರಿಸಿತು. ಆಮೇಲೆ 2006ರ ಆಲೋಸ್, 2014ರ ಆಲೋಸ್-2, 2024ರ ಆಲೋಸ್-4. 2011ರಲ್ಲಿ ಆಲೋಸ್ ನಿಂತು 2014ರವರೆಗೆ ನಡುವೆ ಕಂದಕ. ಅದರ ಎರಡು ದಡಗಳನ್ನು ಸೇರಿಸಲು ಮತ್ತೆ ಅಮೆಜಾನೇ ಬೇಕಾಯಿತು.

ಭಾರತ ಮೊದಲು ತಾನೇ ಕಟ್ಟಿದ ಚಿತ್ರಗ್ರಾಹಿ ರಾಡಾರ್ ಉಪಗ್ರಹ ರಿಸ್ಯಾಟ್-1. 2012ರ ಏಪ್ರಿಲ್ 26ರಂದು ಹಾರಿತು, ಸಿ-ಬ್ಯಾಂಡಿನದು. ಅದರ ಉತ್ತರಾಧಿಕಾರಿ ಇಒಎಸ್-04 2022ರ ಫೆಬ್ರುವರಿ 14ರಂದು ಹೋಯಿತು. ನಿಸಾರ್ ಶ್ರೀಹರಿಕೋಟಾದಿಂದ ಜಿಎಸ್‌ಎಲ್‌ವಿ-ಎಫ್16ರಲ್ಲಿ 2025ರ ಜುಲೈ 30ರಂದು ಏರಿತು. ನಾಸಾ ಕೊಟ್ಟ ಎಲ್-ಬ್ಯಾಂಡನ್ನೂ ಇಸ್ರೋ ಕೊಟ್ಟ, ಸಿ ಮತ್ತು ಎಲ್‌ಗಳ ನಡುವಿನ ತರಂಗಾಂತರದ ಎಸ್-ಬ್ಯಾಂಡನ್ನೂ ಒಂದೇ ಉಪಗ್ರಹಕ್ಕೆ ಜೋಡಿಸಿದ್ದು ಬೆಂಗಳೂರಿನಲ್ಲಿ. ಎರಡೂ ರಾಡಾರುಗಳಿಗೆ ಸೇರಿ ಒಂದೇ 12 ಮೀಟರ್ ಅಗಲದ ಬಲೆಯ ಆ್ಯಂಟೆನಾ; 747 ಕಿ.ಮೀ. ಎತ್ತರದಿಂದ ಸುಮಾರು 240 ಕಿ.ಮೀ. ಅಗಲದ ಪಟ್ಟಿ, 12 ದಿನಕ್ಕೊಮ್ಮೆ ಅದೇ ಕೋನದಿಂದ ಅದೇ ಜಾಗ. ಅದೇ ವರ್ಷದ ಏಪ್ರಿಲ್ 29ರಂದು ಯುರೋಪಿನ ಬಯೋಮಾಸ್ ಉಪಗ್ರಹ ಪಿ-ಬ್ಯಾಂಡ್ ಹೊತ್ತು ಹಾರಿತ್ತು. ದಟ್ಟ ಉಷ್ಣವಲಯದ ಕಾಡಿಗೆಂದೇ ಮಾಡಿದ್ದು. ಅದರ ಜೀವರಾಶಿ ನಕ್ಷೆಯ ಒಂದು ಚೌಕ 200 ಮೀಟರ್. ಅಮೆಜಾನಿಗೆ ಅದು ಸಾಕು. ಹೊಳೆ, ಇಳಿಜಾರು, ಅಡಿಕೆ ತೋಟ ಬೆರೆತ ಘಟ್ಟಕ್ಕೆ ಒರಟು.

ನೆಲದ ಮೇಲಿನ ಸಾಕ್ಷಿ

ಉಪಗ್ರಹಕ್ಕೂ ಉಪಗ್ರಹಕ್ಕೂ ಹೋಲಿಸಿದರೆ ಯಾವುದು ಬೇರೆಯೆಂದು ಗೊತ್ತಾಗುತ್ತದೆ, ಯಾವುದು ಸರಿಯೆಂದು ಗೊತ್ತಾಗುವುದಿಲ್ಲ. ಅದಕ್ಕೆ ಕಾಡಿನೊಳಗೆ ಟೇಪು ಹಿಡಿದು ಮರದ ಎದೆಮಟ್ಟದ ಸುತ್ತಳತೆ ತೆಗೆಯಲೇಬೇಕು. ಮೋಪು ಅಳೆಯುವುದು ಅಳ್ನಾವರ-ದಾಂಡೇಲಿ ಸೀಮೆಗೆ ಹೊಸ ವಿದ್ಯೆಯಲ್ಲ. ಅಳ್ನಾವರದಿಂದ ದಾಂಡೇಲಿ ಕಡೆಗೆ ಕವಲುದಾರಿ ಹಾಕಿದ್ದರ ಹಿಂದೆ ಇದೇ ಮರದ ಸಾಗಣೆಯಿತ್ತು. ವ್ಯಾಪಾರದ ಅಳತೆ ಕಡಿದ ದಿಮ್ಮಿಯದು, ವಿಜ್ಞಾನದ ಅಳತೆ ನಿಂತ ಮರದ್ದು, ಅದೂ ಅದೇ ಮರವನ್ನು ವರ್ಷಗಟ್ಟಲೆ. ಕರ್ನಾಟಕದಲ್ಲಿ ಇಂಥ ದೀರ್ಘ ದಾಖಲೆಗೆ ಕೊಡಗಿನ ಪುಷ್ಪಗಿರಿ ವನ್ಯಧಾಮದ ಉಪ್ಪಂಗಳ ಪ್ರಸಿದ್ಧ. ಪುದುಚೇರಿಯ ಫ್ರೆಂಚ್ ಸಂಸ್ಥೆ ರಾಜ್ಯದ ಅರಣ್ಯ ಇಲಾಖೆಯೊಂದಿಗೆ 1980ರ ದಶಕದ ಕೊನೆಯಲ್ಲಿ ಅಲ್ಲಿ ಶಾಶ್ವತ ಅಧ್ಯಯನ ತುಂಡುಗಳನ್ನು ಗುರುತಿಸಿ ಮರಗಳಿಗೆ ಸಂಖ್ಯೆ ಹಾಕಿತು. ಘಟ್ಟದ ಕಾಡಿನ ನೆತ್ತಿಯ ಚಿತ್ರಗಳಲ್ಲಿ ಕಾಣುವ ಉಬ್ಬುತಗ್ಗಿನ ವಿನ್ಯಾಸದಿಂದ ಜೀವರಾಶಿ ಅಂದಾಜಿಸಬಹುದೆಂದು 2012ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅದು ರಾಡಾರಲ್ಲ, ಗೂಗಲ್ ಅರ್ಥ್‌ನಲ್ಲಿ ಸಿಗುವ ಸಾಮಾನ್ಯ ಚಿತ್ರ. ರಾಡಾರು ಕೈಚೆಲ್ಲುವ ದಟ್ಟ ಕಾಡಿನಲ್ಲಿ ಅದು ಕೆಲಸಕ್ಕೆ ಬಂತೆಂಬುದು ಗಮನಿಸಬೇಕಾದ ಮಾತು. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರದ ಜೊತೆಗೂಡಿ ಎಲ್-ಬ್ಯಾಂಡ್ ರಾಡಾರಿನಿಂದ ದೇಶದ ಕಾಡಿನ ಜೀವರಾಶಿ ಅಂದಾಜಿಸುವ ಕೆಲಸವನ್ನು ತನ್ನ 2021ರ ವರದಿಯಲ್ಲಿ ಸೇರಿಸಿದೆ.

ಕಬ್ಬಿನ ಗೊಂದಲ

ಅಳ್ನಾವರ, ಹಳಿಯಾಳ ಸೀಮೆಯಲ್ಲಿ ಕಾಡಿಗೆ ತಾಗಿ ಕಬ್ಬು. ಆಳೆತ್ತರಕ್ಕೆ ಬೆಳೆದು ದಟ್ಟೈಸಿದ ಕಬ್ಬು ಸಿ-ಬ್ಯಾಂಡಿಗೆ ಕಾಡಿನಂತೆಯೇ ಕಾಣುತ್ತದೆ. ದಾಂಡೇಲಿ ಕಡೆಯಿಂದ ಬರುವ ಆನೆಗೆ ಈ ಗೊಂದಲವಿಲ್ಲ, ಯಂತ್ರಕ್ಕೆ ಇದೆ. ಭತ್ತದ ಗದ್ದೆಯನ್ನು ಗುರುತಿಸುವುದು ಸುಲಭ: ನಾಟಿಯ ಹೊತ್ತಿಗೆ ನಿಂತ ನೀರಿನಿಂದ ಕಪ್ಪಾಗಿ ಕಂಡು, ಪೈರು ಏರಿದಂತೆ ಬೆಳಗುತ್ತದೆ, ಕೊಯ್ಲಿನ ನಂತರ ಇಳಿಯುತ್ತದೆ. ಕಬ್ಬು ಹತ್ತು ಹನ್ನೆರಡು ತಿಂಗಳು ಹೊಲದಲ್ಲೇ ನಿಂತಿರುವುದರಿಂದ ಒಂದೆರಡು ಚಿತ್ರ ನೋಡಿ ಬೇರ್ಪಡಿಸಲಾಗದು. ವರ್ಷವಿಡೀ ಸಾಲು ಚಿತ್ರ ಇಟ್ಟರೆ ಕಟಾವಿನ ದಿನ ಅಂಕಿ ಒಮ್ಮೆಲೇ ಕುಸಿಯುವುದು ಕಾಣುತ್ತದೆ. ಎಲ್-ಬ್ಯಾಂಡಾದರೆ ಅಷ್ಟು ಕಾಯಬೇಕಿಲ್ಲ. ಕಬ್ಬಿನಲ್ಲಿ ಮರದಂಥ ದಪ್ಪ ಕಾಂಡ, ಟೊಂಗೆಗಳಿಲ್ಲದಿರುವುದು ಅದಕ್ಕೆ ಬೇಗ ತಿಳಿಯುತ್ತದೆ. ಒಂದೇ ಕ್ಷಣದಲ್ಲಿ, ಒಂದೇ ಕೋನದಿಂದ, ಎರಡು ತರಂಗಾಂತರ ಬಳಸುವ ನಿಸಾರ್‌ನಲ್ಲಿ ಹೊತ್ತು, ಕೋನ ಈ ಎರಡರ ತಕರಾರೂ ಇಲ್ಲ. ಎರಡು ಅಂಕಿಗಳ ನಡುವಿನ ವ್ಯತ್ಯಾಸ ಹೊತ್ತಿನದೋ ಕೋನದ್ದೋ ಆಗಿರುವುದಿಲ್ಲ.

ಸಾಲು ಚಿತ್ರ ತುಂಡಾಗದಿರುವುದೂ ಅಷ್ಟೇ ಮುಖ್ಯ. ಸೆಂಟಿನೆಲ್-1ಬಿ 2021ರ ಡಿಸೆಂಬರಿನಲ್ಲಿ ಕೆಟ್ಟಿತು, ಅದರ ಜಾಗಕ್ಕೆ ಸೆಂಟಿನೆಲ್-1ಸಿ ಹಾರಿದ್ದು 2024ರ ಡಿಸೆಂಬರಿನಲ್ಲಿ. ನಿಸಾರ್‌ನ ಎಲ್-ಬ್ಯಾಂಡಿಗೆ ಮೂಲ ಯೋಜನೆಯ ಅವಧಿ 3 ವರ್ಷ, ಎಸ್-ಬ್ಯಾಂಡಿಗೆ 5. ಅದರ ನಂತರದ ಎಲ್-ಬ್ಯಾಂಡ್ ದಾಖಲೆಗೆ ಯುರೋಪು ರೋಸ್-ಎಲ್ ಎಂಬ ಉಪಗ್ರಹವನ್ನು ಸಿದ್ಧಪಡಿಸುತ್ತಿದೆ. ಅದು ಹಾರುವ ಹೊತ್ತಿಗೆ ನಿಸಾರ್ ಇನ್ನೂ ಜೀವಂತವಿದ್ದರೆ ಎರಡನ್ನೂ ಅಮೆಜಾನಿನ ಮೇಲೆ ನೇರವಾಗಿ ತಾಳೆ ನೋಡಬಹುದು. ಇಲ್ಲದಿದ್ದರೆ ಆಲೋಸ್ ಸರಣಿಯನ್ನು ನಡುವೆ ಇಟ್ಟುಕೊಂಡು ಸುತ್ತುದಾರಿಯಲ್ಲಿ ಹೊಂದಿಸಬೇಕಾಗುತ್ತದೆ.